ಸಾಕು ಎಂದರೆ

ನಮ್ಮ ಮಾವನಿಗೆ ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಒಂದೇ ಒಂದು ಪದ ಉಳಿಯಿತು. ಐವತ್ತು ವರ್ಷ ಬಾಗಿಲು, ಕಿಟಕಿ, ಕುರ್ಚಿ ಮಾಡಿದ ಬಡಗಿ ಅವರು. ಕೈಗಿಂತ ಬಾಯೇ ಹೆಚ್ಚು ಓಡುತ್ತದೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅಂಥ ಮನುಷ್ಯ ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಕಣ್ಣು ಬಿಟ್ಟು, ನರ್ಸು ಕುಡಿಸಿದ ಎರಡು ಚಮಚ ನೀರು ಕುಡಿದು, "ಸಾಕು" ಎಂದರು. ಮಾತು ಬಂತಲ್ಲ ಎಂದು ಅತ್ತೆ ಕೈಮುಗಿದರು. ದಿಂಬು ಸರಿ ಮಾಡಲಾ ಎಂದರೆ ಸಾಕು. ಹೊದಿಕೆ ಬೇಕಾ ಎಂದರೆ ಸಾಕು. "ಅಪ್ಪಾ, ನಾನು ಯಾರು ಗೊತ್ತಾಯ್ತಾ?" ಎಂದು ನಮ್ಮವರು ಮುಖದ ಹತ್ತಿರ ಬಗ್ಗಿ ಕೇಳಿದರು. ಅದಕ್ಕೂ ಸಾಕು. ಆಗ ಎಲ್ಲರ ಮುಖ ಇಳಿಯಿತು.

"ಒಂದೊಂದ್ ಸಲ ಹೀಗಾಗುತ್ತೆ," ಎಂದರು ಡಾಕ್ಟರು. "ಮಾತೆಲ್ಲ ಹೋಗಿ ಒಂದು ಪದ ಮಾತ್ರ ನಾಲಿಗೆ ಮೇಲೆ ಉಳ್ಕೊಳುತ್ತೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಅದಕ್ಕೆ ಅರ್ಥ ಹುಡುಕೋಕೆ ಹೋಗಬೇಡಿ."

ಅರ್ಥ ಹುಡುಕಬೇಡಿ ಎಂದರೆ ಸುಮ್ಮನಿರುವ ಮನೆಯಲ್ಲ ನಮ್ಮದು.

ಮನೆಯಲ್ಲಿ ನಾವು ಐದು ಜನ. ಮಾವ, ಅತ್ತೆ, ಸಿಟಿ ಬಸ್ಸಿನ ಡ್ರೈವರಾದ ನನ್ನ ಗಂಡ, ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುವ ನಾನು, ಮತ್ತು ಒಂಬತ್ತು ವರ್ಷದ ಹುಡುಗಿ. ಹುಡುಗಿ ನನ್ನ ನಾದಿನಿಯ ಮಗಳು. ನಾದಿನಿ ಕಾಯಿಲೆ ಬಿದ್ದು ತೀರಿಕೊಂಡಾಗ ಇವಳಿಗೆ ಎರಡು ವರ್ಷ. ಅವಳಪ್ಪನದು ಊರೂರು ಸುತ್ತಿ ಫ್ರಿಜ್ಜು ರಿಪೇರಿ ಮಾಡುವ ಕೆಲಸ. ಮಗುವನ್ನು ತಂದು ನಮ್ಮಲ್ಲಿ ಬಿಟ್ಟ. "ನಾನಿರೋವರೆಗೂ ಇದು ಇಲ್ಲೇ ಇರುತ್ತೆ," ಎಂದು ಮಾವ ಅವತ್ತೇ ಹೇಳಿಬಿಟ್ಟರು. ನನಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂದು ಅಳುವುದನ್ನು ಅಷ್ಟರಲ್ಲಿ ನಿಲ್ಲಿಸಿದ್ದೆ. ಮಗು ಬಂದ ತಿಂಗಳೊಳಗೆ ನನ್ನನ್ನು ಅಮ್ಮ ಎಂದಿತು. "ಅಮ್ಮ ಅಲ್ಲ ಪುಟ್ಟಾ, ಅತ್ತೆ," ಎಂದು ನಮ್ಮತ್ತೆ ತಿದ್ದಿದರು. ಮಗಳನ್ನು ಕಳೆದುಕೊಂಡ ಸಂಕಟ ಅವರದು. ಮಗು ಸ್ವಲ್ಪ ಹೊತ್ತು ಯೋಚನೆ ಮಾಡಿ, ಎರಡನ್ನೂ ಸೇರಿಸಿ, ಅತ್ತಮ್ಮ ಎಂದಿತು. ಅದೇ ನಿಂತಿತು.

ಅವಳನ್ನು ನಾವೆಲ್ಲ ಕರೆಯುವುದು ಯಾಕಮ್ಮ ಎಂದು. ಊಟಕ್ಕೆ ಕೂತರೆ ಒಂದು 'ಯಾಕೆ' ಇಲ್ಲದೆ ಅವಳಿಗೆ ತುತ್ತು ಇಳಿಯದು.

"ಹೊಟ್ಟೆ ತುಂಬಿದ ಮೇಲೆ ಹಸಿವು ಎಲ್ಲಿಗೆ ಹೋಗುತ್ತೆ?"

"ಪಕ್ಕದ ಮನೆಗೆ," ಎನ್ನುತ್ತಿದ್ದರು ಮಾವ.

"ಮತ್ತೆ ನಮ್ಮನೆ ದಾರಿ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ನಿಮ್ಮಜ್ಜಿ ಅಡುಗೆ ವಾಸನೆ ಹಿಡ್ಕೊಂಡು ಬರುತ್ತೆ. ನಾನೂ ಹಾಗೇ ಬಂದು ಸಿಕ್ಕಿಹಾಕ್ಕೊಂಡಿದ್ದು."

ಇನ್ನೊಂದು ದಿನ ನನ್ನ ಸರದಿ. "ಅತ್ತಮ್ಮ, ನಾಳೆ ಮತ್ತೆ ಕೊಳೆ ಆಗೋ ಬೆಡ್‌ಶೀಟನ್ನ ಇವತ್ತು ಯಾಕೆ ಒಗೀತೀರ?"

"ಸಂಬಳ ಕೊಡ್ತಾರೆ, ಅದಕ್ಕೆ."

"ಕೊಡದೇ ಇದ್ರೆ?"

"ನಾಳೆ ಮತ್ತೆ ಹಸಿಯೋ ಹೊಟ್ಟೆಗೆ ನೀನ್ಯಾಕೆ ಇವತ್ತು ಉಣ್ತಿದೀಯ?" ಎಂದು ಮಾವ ನನ್ನ ಪರವಾಗಿ ಬಂದರು.

"ಅದೇ ಅಜ್ಜಾ, ಯಾಕೆ?"

ಮಾವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ನಿಜವಾಗಿಯೂ ಯೋಚಿಸಿದರು. "ಗೊತ್ತಿಲ್ಲ ಕಣೆ. ನೋಡಿ ಹೇಳ್ತೀನಿ." ಎರಡು ದಿನ ಬಿಟ್ಟು, ಹಲ್ಲುಜ್ಜುತ್ತಿದ್ದ ಹುಡುಗಿಯ ಹತ್ತಿರ ಹೋಗಿ, "ಅವತ್ತಿಂದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ ಕಣೆ," ಎಂದು ವರದಿ ಒಪ್ಪಿಸಿದರು. ನನಗಾಗಲಿ ನಮ್ಮವರಿಗಾಗಲಿ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಪ್ರಶ್ನೆಗಳ ಇಲಾಖೆ ಮಾವನದು ಎಂದು ಬಿಟ್ಟುಬಿಟ್ಟಿದ್ದೆವು.

ಈಗ ಆ ಇಲಾಖೆಯಿಂದ ಒಂದೇ ಉತ್ತರ.

ಮಾವನನ್ನು ಮನೆಗೆ ಕರೆತಂದು ಮುಂದಿನ ಕೋಣೆಯಲ್ಲಿ ಮಂಚ ಹಾಕಿದೆವು. ಅತ್ತೆ ಗಂಜಿ ತಿನ್ನಿಸುತ್ತಿದ್ದರು. ನಾಲ್ಕು ಚಮಚ ಆಗುವಷ್ಟರಲ್ಲಿ ಮಾವ "ಸಾಕು" ಎನ್ನುವರು, ಅತ್ತೆ ಬಟ್ಟಲು ಕೆಳಗಿಡುವರು. ಮೂರು ದಿನ ನೋಡಿದೆ.

"ಅತ್ತೆ, ಅದು ಸುಮ್ನೆ ಬರೋ ಮಾತು. ಡಾಕ್ಟರು ಹೇಳಿದ್ರಲ್ಲ."

"ಐವತ್ತೆರಡು ವರ್ಷ ಬಡಿಸಿದೀನಿ ಕಣೆ ಇವರಿಗೆ. ಸಾಕು ಅಂದಮೇಲೆ ಒಂದು ಸೌಟು ಹೆಚ್ಚು ಹಾಕಿಲ್ಲ."

"ಹಾಗಂತ ಉಪವಾಸ ಕೆಡವ್ತೀರಾ?"

"ಅವರಿಗೆ ಬದುಕೇ ಸಾಕಾಗಿದೆ. ನಿಂಗೆ ಅದು ಕೇಳಿಸಲ್ಲ, ನಂಗೆ ಕೇಳಿಸುತ್ತೆ."

ನಾನು ಬಟ್ಟಲು ತೆಗೆದುಕೊಂಡು ಮಂಚದ ಪಕ್ಕ ಕೂತೆ. ಮಾವ ಬಾಯಿ ತೆರೆದರು, ನುಂಗಿದರು, "ಸಾಕು" ಎಂದರು, ಮತ್ತೆ ಬಾಯಿ ತೆರೆದರು. ಬಟ್ಟಲು ಖಾಲಿಯಾಗುವವರೆಗೆ ಹೀಗೇ ನಡೆಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ನನಗೆ ಗೆದ್ದೆ ಎನಿಸಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು, ಓಡಿದೆ.

ಎರಡನೇ ವಾರ ಯಾಕಮ್ಮನ ಅಪ್ಪ ಫೋನ್ ಮಾಡಿದ. ಹೋದ ವರ್ಷ ಅವನು ಮತ್ತೆ ಮದುವೆಯಾಗಿದ್ದು ನಮಗೆ ಗೊತ್ತಿತ್ತು. ಈಗ ಸುತ್ತಾಟ ಬಿಟ್ಟು ಅಂಗಡಿ ಹಾಕಿದ್ದಾನಂತೆ. "ಮನೆ ಇದೆ, ಮನೇಲಿ ಹೆಂಗಸಿದಾಳೆ, ಸ್ಕೂಲು ಎದುರಿಗೇ ಇದೆ. ಅಲ್ಲಿ ಮಾವನವರಿಗೂ ಹೀಗಾಗಿದೆ, ನಿಮಗೂ ಕಷ್ಟ. ಮಗೂನ ಕರ್ಕೊಂಡು ಹೋಗ್ತೀನಿ. ಯೋಚನೆ ಮಾಡಿ ಹೇಳಿ," ಎಂದ. ಆಮೇಲೆ ಮಗಳ ಹತ್ತಿರ ನಾಲ್ಕು ಮಾತಾಡಿದ. ಅವನು ಯಾವಾಗಲೂ ಹಾಗೆ ಮಾತಾಡುತ್ತಿದ್ದ, ನಾನು ಕಿವಿ ಕೊಡಲಿಲ್ಲ.

"ಕಳಿಸೋದೇ ವಾಸಿ ಅನ್ಸುತ್ತೆ," ಎಂದರು ನಮ್ಮವರು, ಟೀಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತ.

"ಏಳು ವರ್ಷ ಎಲ್ಲಿ ಸತ್ತಿದ್ನಂತೆ?"

"ಹೆತ್ತಪ್ಪ ಕೇಳ್ತಿದಾನೆ ಕಣೆ. ಇಲ್ಲ ಅನ್ನೋಕೆ ನಾವ್ಯಾರು? ನಂದು ಎರಡು ಶಿಫ್ಟು. ನಿಂದು ಹೀಗೆ. ಅಮ್ಮನ ಮಂಡಿ ಹಾಗೆ. ಅಪ್ಪನ ಕೆಲಸ ಮಾಡೋರು ಯಾರು, ಇವಳ ಪಾಠ ನೋಡೋರು ಯಾರು?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವಳನ್ನು ಕಳಿಸಲು ನನಗೆ ಇಷ್ಟವಿರಲಿಲ್ಲ. ಇಷ್ಟವಿರಲಿಲ್ಲ ಎನ್ನುವುದು ಸಣ್ಣ ಮಾತು. ಅವಳು ಹೋದರೆ ಆ ಮನೆಯಲ್ಲಿ ನನಗೆ ಸೇರಿದ್ದು ಎಂದು ಏನೂ ಉಳಿಯುತ್ತಿರಲಿಲ್ಲ. "ಏಳು ವರ್ಷದ ಹಿಂದೆ ಮಾತು ಕೊಟ್ಟಿದ್ದು ಮಾವ. ಅವರನ್ನ ಕೇಳದೆ ಹೇಗೆ ಕಳಿಸ್ತೀರಿ?" ಎಂದೆ. ಮಾತು ಬಾರದವರ ಹೆಗಲ ಮೇಲೆ ಭಾರ ಹಾಕಿದೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ನಮ್ಮವರು ಕೈ ತೊಳೆದುಕೊಂಡು ಬಂದು ಮಂಚದ ಮೇಲೆ ಕೂತರು. "ಅಪ್ಪಾ, ಯಾಕಮ್ಮನ್ನ ಅವರಪ್ಪನ ಹತ್ರ ಕಳಿಸೋಣ್ವಾ?"

"ಸಾಕು," ಎಂದರು ಮಾವ.

"ಕೇಳಿಸ್ತಾ? ಇಷ್ಟು ದಿನ ಇಟ್ಕೊಂಡಿದ್ದು ಸಾಕು, ಕಳಿಸಿ ಅಂತಿದಾರೆ."

"ನಿಮ್ಮ ತಲೆ! ಸಾಕು ಅಂದ್ರೆ, ನೀನೇ ಸಾಕು, ನೀನೇ ಬೆಳೆಸು ಅಂತ. ನಾಯಿ ಸಾಕು, ಮಗು ಸಾಕು ಅನ್ನಲ್ವಾ, ಆ ಸಾಕು."

"ಎಲ್ಲಿಂದ ಎಲ್ಲಿಗೆ ಗಂಟು ಹಾಕ್ತೀಯೇ ನೀನು?"

"ನೀವು ಹಾಕಿದ್ದೇನು ಮತ್ತೆ?"

ಒಳಗಿನಿಂದ ಅತ್ತೆ ಕುಂಟುತ್ತ ಬಂದರು. "ಅಯ್ಯೋ, ಅದೂ ಅಲ್ಲ ಇದೂ ಅಲ್ಲ. ನಿಮ್ಮಿಬ್ಬರ ಜಗಳ ಸಾಕು ಅಂತಿದಾರೆ. ಹೋಗಿ ಅತ್ಲಾಗೆ."

ಯಾಕಮ್ಮ ಗೋಡೆಗೊರಗಿ ಕೂತು ಲೆಕ್ಕ ಮಾಡುತ್ತಿದ್ದಳು. ನಮ್ಮನ್ನೊಮ್ಮೆ, ಅಜ್ಜನನ್ನೊಮ್ಮೆ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಅಲ್ಲಿಂದ ಎರಡು ವಾರ ಮನೆಯಲ್ಲಿ ಇದೇ ನಡೆಯಿತು. ಮಾವನ ಮಂಚ ಸಾಕ್ಷಿಕಟ್ಟೆಯಾಯಿತು. ನಮ್ಮವರು ತಮಗೆ ಬೇಕಾದ ಹಾಗೆ ಕೇಳುವರು: "ಅವಳನ್ನ ಇಟ್ಕೊಂಡು ಒದ್ದಾಡಿದ್ದು ಆಯ್ತಲ್ಲಪ್ಪಾ?" ಸಾಕು. ನಾನು ನನಗೆ ಬೇಕಾದ ಹಾಗೆ ಕೇಳುವೆ: "ಮಾವಾ, ಇನ್ಮುಂದೂ ನಾನೇ ಏನು ಮಾಡ್ಬೇಕು ಅವಳನ್ನ?" ಸಾಕು. ಪಕ್ಕದ ಮನೆಯ ಟೈಲರು ಬಂದು, "ನೀವು ಕೇಳೋ ರೀತಿಗೆ ಗೋಡೆನೂ ಹ್ಞೂಂ ಅನ್ನುತ್ತೆ ಬಿಡಿ," ಎಂದು ನಕ್ಕ. ನಾವು ನಗಲಿಲ್ಲ. ಕೇಳಿದಾಗಲೆಲ್ಲ ಮಾವ ಎಡಗಣ್ಣು ತಿರುಗಿಸಿ ನಮ್ಮನ್ನು ನೋಡುತ್ತಿದ್ದರು. ಬಲಗಣ್ಣಿನಿಂದ ಸುಮ್ಮನೆ ನೀರು ಸುರಿಯುತ್ತಿತ್ತು. ಅದು ಅಳುವಲ್ಲ, ನರದ ದೋಷ ಎಂದಿದ್ದರು ಡಾಕ್ಟರು. ಸರಿ ಎಂದುಕೊಂಡು ಒರೆಸುತ್ತಿದ್ದೆವು.

ಲಾಂಡ್ರಿಯಲ್ಲಿ ನನ್ನದು ಬಿಸಿ ರೋಲರಿನ ಕೆಲಸ. ಒದ್ದೆ ಬೆಡ್‌ಶೀಟಿನ ಒಂದು ತುದಿ ನಾನು, ಇನ್ನೊಂದು ತುದಿ ಜೊತೆಯವಳು ಹಿಡಿದು, ಝಾಡಿಸಿ, ಸುಕ್ಕು ಬೀಳದಂತೆ ರೋಲರಿಗೆ ಕೊಡಬೇಕು. ಆಚೆ ಬದಿಯಲ್ಲಿ ಒಣಗಿ, ಇಸ್ತ್ರಿಯಾಗಿ ಬರುತ್ತದೆ. ದಿನಕ್ಕೆ ನಾನ್ನೂರು ಶೀಟು. ಯಾರು ಮಲಗಿದ್ದರೋ, ಯಾರು ಅತ್ತಿದ್ದರೋ, ಯಾರಿಗೆ ನಿದ್ದೆ ಬಂದಿರಲಿಲ್ಲವೋ, ಬಿಳಿ ಬಟ್ಟೆಯಲ್ಲಿ ಒಂದೂ ಉಳಿದಿರುವುದಿಲ್ಲ. ನಾಳೆ ಅದೇ ನಾನ್ನೂರು ಮತ್ತೆ ಬರುತ್ತದೆ. ಬೆರಳ ತುದಿ ಎಷ್ಟೋ ವರ್ಷದಿಂದ ಜೋಮು ಹಿಡಿದಿದೆ, ಬಿಸಿ ಗೊತ್ತಾಗುವುದಿಲ್ಲ. ಈಚೆಗೆ ಉಳಿದದ್ದೂ ಹಾಗೇ ಆಗುತ್ತಿದೆ ಎನಿಸುತ್ತಿತ್ತು. ಮನೆಗೆ ಬಂದರೆ ಮಾವನದು ದಿನಕ್ಕೆ ಮೂರು ಬೆಡ್‌ಶೀಟು. ಇದಕ್ಕೆ ಸಂಬಳವಿಲ್ಲ. ಸಂಬಳ ಕೊಡದಿದ್ದರೂ ಒಗೆಯುತ್ತೇನೆ ಎಂದು ಯಾಕಮ್ಮನಿಗೆ ಈಗ ಉತ್ತರ ಸಿಕ್ಕಿರಬೇಕು.

ನಾಲ್ಕನೇ ವಾರದ ಒಂದು ಸಂಜೆ ನಾನು ತಾಳ್ಮೆ ಕಳೆದುಕೊಂಡೆ. ಮೂರನೇ ಬೆಡ್‌ಶೀಟು ಆಗಷ್ಟೇ ಹಾಸಿದ್ದೆ. ಅತ್ತೆಯ ಕೈಯಿಂದ ಗಂಜಿಯ ಬಟ್ಟಲು ಜಾರಿ ಅದರ ಮೇಲೇ ಬಿತ್ತು. ಅಷ್ಟರಲ್ಲಿ ನಮ್ಮವರು ಡ್ಯೂಟಿ ಮುಗಿಸಿ ಬಂದವರೇ, "ಅನ್ನ ಆಗಿಲ್ವಾ ಇನ್ನೂ?" ಎಂದರು.

"ಸಾಕಿ ಸಾಕಾಯ್ತು ನನಗೆ!" ಎಂದು ಕಿರುಚಿದೆ. "ಒಬ್ಬರಾ, ಇಬ್ಬರಾ? ಎಲ್ಲರನ್ನೂ ಸಾಕಿ ಸಾಕಾಯ್ತು!"

ನಮ್ಮವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಅಡುಗೆಮನೆಯ ಬಾಗಿಲಲ್ಲಿ ಯಾಕಮ್ಮ ನಾಲ್ಕು ತಟ್ಟೆ ಎದೆಗವಚಿಕೊಂಡು ನಿಂತಿದ್ದಳು.

"ಅತ್ತಮ್ಮ," ಎಂದಳು, "ಸಾಕಿ ಸಾಕಾಯ್ತು ಅನ್ನೋದ್ರಲ್ಲಿ ಎರಡೂ ಒಂದೇ ಪದಾನಾ, ಬೇರೆ ಬೇರೆನಾ?"

"ಯಾವಾಗ ನೋಡಿದ್ರೂ ಇದೊಂದು! ಹೋಗಿ ತಟ್ಟೆ ತೊಳಿ."

ಅವಳು ಹೋಗಿ ತಟ್ಟೆ ತೊಳೆದಳು. ತೊಳೆದಿದ್ದ ತಟ್ಟೆಗಳೇ ಅವು, ಮತ್ತೊಮ್ಮೆ ತೊಳೆದಳು.

ಅದಾದ ಮೇಲೆ ಊಟದ ಹೊತ್ತಿನಲ್ಲಿ ಪ್ರಶ್ನೆ ನಿಂತಿತು. ನನಗೆ ಅದು ಗೊತ್ತಾಗಲು ಮೂರು ದಿನ ಬೇಕಾಯಿತು. ಗೊತ್ತಾದಾಗ, ನಿಜ ಹೇಳುತ್ತೇನೆ, ಹಾಯೆನಿಸಿತು. ಒಂದು ಗಲಾಟೆಯಾದರೂ ಕಡಿಮೆಯಾಯಿತಲ್ಲ ಎಂದುಕೊಂಡೆ. "ಹುಡುಗಿ ದೊಡ್ಡವಳಾಗ್ತಿದಾಳೆ," ಎಂದರು ಅತ್ತೆ.

ಅಜ್ಜನ ಹತ್ತಿರ ಮಾತ್ರ ಪ್ರಶ್ನೆ ನಡೆದೇ ಇತ್ತು. ಸ್ಕೂಲಿನಿಂದ ಬಂದು, ಚೀಲವನ್ನೂ ಇಳಿಸದೆ ಮಂಚದ ತುದಿಯಲ್ಲಿ ಕೂರುತ್ತಿದ್ದಳು. ಒಂದು ದಿನ ನಾನು ಒದ್ದೆ ಬಟ್ಟೆ ಹಿಡಿದು ಮಹಡಿಗೆ ಹೊರಟವಳು ಬಾಗಿಲ ಹೊರಗೆ ನಿಂತೆ.

"ಅಜ್ಜಾ, ನಾನು ಹುಟ್ಟದೇ ಇದ್ದಿದ್ರೆ, ನಾನಿಲ್ಲ ಅಂತ ನಿಮಗೆಲ್ಲ ಗೊತ್ತಾಗ್ತಿತ್ತಾ?"

"ಸಾಕು."

"ಹ್ಞೂಂ. ಗೊತ್ತಾಗಲ್ಲ ಅಲ್ವಾ? ನಂಗೂ ಹಾಗೇ ಅನ್ಸುತ್ತೆ." ಮತ್ತೆ ಕೇಳಿದಳು, "ಇದ್ದು ಆಮೇಲೆ ಹೋದ್ರೆ? ಆಗ ಗೊತ್ತಾಗುತ್ತಾ?"

"ಸಾಕು," ಎಂದರು ಮಾವ.

ಬಟ್ಟೆಯನ್ನು ಅಲ್ಲೇ ಹಾಕಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಬಿಸಿಲು ಇಳಿದರೆ ಬಟ್ಟೆ ಒಣಗುವುದಿಲ್ಲ ಎಂದು ಮೆಟ್ಟಿಲು ಹತ್ತಿದೆ. ಹರವಿದೆ, ಕ್ಲಿಪ್ಪು ಹಾಕಿದೆ, ಇಳಿದು ಬಂದು ಅಕ್ಕಿ ತೊಳೆದೆ.

ಐದನೇ ಭಾನುವಾರ ಅವಳಪ್ಪ ಬಂದ. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಖಾಲಿ ಸೂಟ್‌ಕೇಸು. ಖಾಲಿ ಸೂಟ್‌ಕೇಸು ನೋಡಿಯೇ ನನ್ನ ಮೈ ಉರಿಯಿತು. ಆದರೂ ಊಟಕ್ಕೆ ಹಾಕಿದೆ. ಮನುಷ್ಯ ತಲೆ ಬಗ್ಗಿಸಿ ಉಂಡ, ಚೆನ್ನಾಗಿದೆ ಎಂದ, ಎದ್ದು ತನ್ನ ತಟ್ಟೆ ತಾನೇ ತೊಳೆದಿಟ್ಟ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಊಟವಾದ ಮೇಲೆ ಎಲ್ಲರೂ ಮಾವನ ಮಂಚದ ಸುತ್ತ ಸೇರಿದೆವು.

"ಭಾವ, ನಮ್ಮಪ್ಪ ಒಪ್ಪಿದಾರೆ," ಎಂದರು ನಮ್ಮವರು. "ಬೇಕಾದ್ರೆ ನಿಮ್ಮೆದುರಿಗೇ ಕೇಳ್ತೀನಿ. ಅಪ್ಪಾ, ಕಳಿಸೋಣ್ವಾ?"

"ಸಾಕು."

"ಕೇಳಿದ್ರಲ್ಲ?"

"ನಿಲ್ಲಿ, ನಾನೂ ಕೇಳ್ತೀನಿ," ಎಂದು ನಾನು ಮುಂದೆ ಬಂದೆ. "ಮಾವಾ, ಇವಳನ್ನ ಸಾಕಬೇಕಾದೋರು ನಾವಲ್ವಾ?"

"ಸಾಕು."

"ನೋಡಿ!"

ಅವಳಪ್ಪ ಮುಜುಗರದಿಂದ ಕುರ್ಚಿಯಲ್ಲಿ ಹಿಂದೆ ಮುಂದೆ ಸರಿದಾಡಿದ. "ಪಾಪ, ಹಿರಿಯರಿಗೆ ಯಾಕೆ ತೊಂದರೆ ಕೊಡ್ತೀರಿ?" ಎಂದ. ಅತ್ತೆ ಸೆರಗಿನಿಂದ ಮಾವನ ಬಲಗಣ್ಣು ಒರೆಸಿದರು. ನಮ್ಮವರು ನನ್ನತ್ತ, ನಾನು ಅವರತ್ತ ತಿರುಗಿದ್ದೆವು. ಇನ್ನೊಂದು ಸುತ್ತು ಶುರುವಾಗುವುದರಲ್ಲಿತ್ತು.

"ಅಜ್ಜನಿಗೆ ಮಾತು ಬರಲ್ಲ," ಎಂದಳು ಯಾಕಮ್ಮ.

ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ, ನಮಗೆ ಗೊತ್ತಿಲ್ಲದ್ದೇನನ್ನೋ ತಿಳಿಸುವ ಹಾಗೆ ಹೇಳಿದಳು.

"ನಂಗೆ ಬರುತ್ತೆ."

ಬೀದಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಕೊನೆಗೆ ನಮ್ಮವರು, "ಸರಿ ಯಾಕಮ್ಮ, ನೀನೇ ಹೇಳು ಹಾಗಾದ್ರೆ," ಎಂದರು.

"ನಾನು ಹೇಳಾಯ್ತಲ್ಲ ಮಾವ. ಅಪ್ಪ ಮೊದಲನೇ ಸಲ ಫೋನ್ ಮಾಡಿದಾಗ್ಲೇ ಬರ್ತೀಯಾ ಅಂತ ಕೇಳಿದ್ರು. ನೋಡಿ ಹೇಳ್ತೀನಿ ಅಂದೆ. ನೀವ್ಯಾರಾದ್ರೂ ಇರ್ತೀಯಾ ಅಂತ ಕೇಳ್ತೀರೇನೋ ಅಂತ ಕಾದೆ. ಎಲ್ಲರೂ ಅಜ್ಜನ್ನೇ ಕೇಳ್ತಿದ್ರಿ. ಮೊನ್ನೆ ಅಪ್ಪ ಮತ್ತೆ ಕೇಳಿದ್ರು. ಹ್ಞೂಂ ಅಂದೆ."

ಅವಳಪ್ಪ ನೆಲ ನೋಡುತ್ತಿದ್ದ.

"ಈಗ ಕೇಳ್ತೀನಿ ಕಣೆ," ಎಂದೆ. "ಇರ್ತೀಯಾ?"

ಅವಳು ನನ್ನನ್ನು ನೋಡಿದಳು. ಮಾವನ ಹಾಗೆಯೇ, ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಿಜವಾಗಿ ಯೋಚಿಸಿದಳು. "ಹ್ಞೂಂ ಅಂದುಬಿಟ್ಟಿದೀನಲ್ಲ ಅತ್ತಮ್ಮ," ಎಂದಳು.

ಸೂಟ್‌ಕೇಸು ನಾನೇ ತುಂಬಿದೆ. ಸ್ಕೂಲಿನ ಎರಡು ಜೊತೆ, ಮನೆಯ ಐದು ಜೊತೆ, ಸ್ವೆಟರು, ಒಳ ಉಡುಪು, ತಲೆಗೆ ಹಾಕುವ ಕ್ಲಿಪ್ಪಿನ ಡಬ್ಬಿ. ಸುಕ್ಕಿಲ್ಲದಂತೆ ಮಡಿಸುವುದು ನನಗೆ ಅಭ್ಯಾಸ, ಕೈ ತಾನೇ ಮಾಡಿತು. ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ಅತ್ತೆ ಹಿಂದೆ ನಿಂತು, "ಆ ನೀಲಿ ಅಂಗಿ ಬಿಗಿಯಾಗುತ್ತೆ, ಹಾಕಬೇಡ," ಎಂದರು. ನಾನು ಅದನ್ನೂ ಹಾಕಿದೆ.

ನಾಲ್ಕೂವರೆಯ ಬಸ್ಸು. ಯಾಕಮ್ಮ ಮಂಚದ ಹತ್ತಿರ ಹೋಗಿ ಅಜ್ಜನ ಆಡುವ ಕೈಯನ್ನು ಹಿಡಿದು, "ಹೋಗಿ ಬರ್ತೀನಿ ಅಜ್ಜಾ," ಎಂದಳು. ಮಾವ ತಮಗೆ ಬರುವ ಮಾತನ್ನೇ ಹೇಳಿದರು. ಅದರ ಅರ್ಥ ಇಂಥದು ಎಂದು ಈ ಸಲ ಯಾರೂ ಬಾಯಿ ಹಾಕಲಿಲ್ಲ. ನಮ್ಮವರು ಸೂಟ್‌ಕೇಸು ಎತ್ತಿಕೊಂಡು ಸ್ಟ್ಯಾಂಡಿನವರೆಗೂ ಹೋದರು. ನಾನು ಬೀದಿಯ ತಿರುವಿನವರೆಗೆ ಹೋಗಿ, ಒಲೆಯ ಮೇಲೆ ಹಾಲಿದೆ ಎಂದು ಹೇಳಿ ವಾಪಸು ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಸಂಜೆ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬೀನ್ಸು ಸೋಸುತ್ತಿದ್ದೆವು. ನಮ್ಮವರು ಬಂದು, "ಕಿಟಕಿ ಪಕ್ಕದ ಸೀಟು ಸಿಕ್ತು," ಎಂದಷ್ಟೇ ಹೇಳಿ, ಸ್ನಾನಕ್ಕೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು.

ಅತ್ತೆ ಬೀನ್ಸಿನ ನಾರು ಎಳೆಯುತ್ತ, ತಲೆ ಎತ್ತದೆ ಕೇಳಿದರು. "ಅಲ್ವೇ, ನಾವು ಬಿಡು, ಮುದುಕರು. ಅವನು ಗಂಡಸು. ಅಷ್ಟು ದಿನದಲ್ಲಿ ನೀನಾದ್ರೂ ಒಂದು ಮಾತು ಅವಳನ್ನ ಕೇಳಬಾರದಾಗಿತ್ತೇನೇ?"

ಕೈಯಲ್ಲಿದ್ದ ಬೀನ್ಸನ್ನು ತಟ್ಟೆಗೆ ಹಾಕಿದೆ.

"ಸ್ವಂತ ಮಗಳನ್ನ ಯಾರಾದ್ರೂ, ಮನೇಲಿ ಇರ್ತೀಯಾ ಅಂತ ಕೇಳ್ತಾರಾ ಅತ್ತೆ?"